ಮೋಟಾರು ಸೈಕಲಿನ ಪರಕಾಯಪ್ರವೇಶ

ಕ್ರಿ. ಶ. ೧೮೮೧ನೆಯ ಇಸವಿಯ ಏಪ್ರಿಲ್ ತಿಂಗಳಲ್ಲಿ ಪ್ಯಾರಿಸ್ ನಗರದ ವಾಲ್ವಾ ಎಂಬ ಬೀದಿಯಲ್ಲಿ ಮೂರು ಚಕ್ರದ ಸೈಕಲೊಂದು ತುಳಿಯುವವರ ಶ್ರಮವಿಲ್ಲದೆ, ಕುದುರೆಯಿಲ್ಲದೆ, ಹೊಗೆಯಿಲ್ಲದೆ ತಾನಾಗಿ ಓಡಿತು. ಅದನ್ನು ಓಡಿಸಿದವನು ಗುಸ್ತಾವ್ ತ್ರೂವೆ ಎಂಬ ಫ್ರೆಂಚ್ ಯಂತ್ರಶಿಲ್ಪಿ. ಆ ಗಾಡಿಯನ್ನು ಅವನು ಹೊಸದಾಗಿ ನಿರ್ಮಿಸಿದುದಲ್ಲವೆಂಬುದು ಇಲ್ಲಿ ಗಮನಿಸತಕ್ಕ ಸಂಗತಿ. ಇಂಗ್ಲೆಂಡಿನ ಕವೆಂಟ್ರಿ ಪಟ್ಟಣದಲ್ಲಿ ತಯಾರಾದ, ಕಾಲಿನಿಂದ ತುಳಿಯತಕ್ಕ ಸಾಧಾರಣ ತ್ರಿಚಕ್ರ ಸೈಕಲನ್ನು ತಂದು, ಸೀಮೆನ್ಸ್ ಮಾದರಿಯ ಚಿಕ್ಕ ವಿದ್ಯುತ್ ಮೋಟಾರನ್ನು ತಿದ್ದಿ ಸುಧಾರಿಸಿ ಅದಕ್ಕೆ ಜೋಡಿಸಿ, ಮತ್ತೆ ಮತ್ತೆ ತುಂಬಿಸಬಹುದಾದ ಬ್ಯಾಟರಿಯಿಂದ ವಿದ್ಯುತ್ತನ್ನು ಒದಗಿಸಿದನು. ಗಾಡಿಯ ರೂಪ ಹಳೆಯದು. ಅದನ್ನು ನಡೆಸಿದ ಶಕ್ತಿ ಮಾತ್ರ ಹೊಸದು. ಅದೇ ವರ್ಷ ಅಂತಹುದೇ ಮೋಟಾರನ್ನು ಅವನು ಒಂದು ದೋಣಿಗೆ ಹೂಡಿ ಸೇನ್ ನದಿಯಲ್ಲಿಯೂ ನಡೆಸಿ ತೋರಿಸಿದನು.

ಜರ್ಮನಿಯಲ್ಲಿ ಗೊಟ್‌ಲೀಬ್ ಡೈಮ್ಲರನು ಪೆಟ್ರೋಲಿನಿಂದ ಓಡುವ ಮರದ ಚೌಕಟ್ಟಿನ ದ್ವಿಚಕ್ರವನ್ನು ಸಿದ್ಧಪಡಿಸಿದುದು ೧೮೮೫ರಲ್ಲಿ. ಎಂದರೆ, ಇದ್ದ ಗಾಡಿಯ ಆಕಾರವನ್ನು ಕೆಡಿಸದೆ ಅದಕ್ಕೆ ವಿದ್ಯುತ್ತನ್ನು ಹೂಡುವ ವಿದ್ಯೆ ಪೆಟ್ರೋಲು ಮೋಟಾರು ಸೈಕಲಿಗಿಂತ ನಾಲ್ಕು ವರ್ಷ ಹಿರಿದು. ಇಂದು ಹಳೆಯ ಮೋಟಾರು ಸೈಕಲುಗಳ ಎಂಜಿನನ್ನು ಇಳಿಸಿ ಅವಕ್ಕೆ ಬ್ಯಾಟರಿಯನ್ನೂ ವಿದ್ಯುತ್ ಮೋಟಾರನ್ನೂ ಕೂಡಿಸುವ ಕೆಲಸ ಹಲವು ದೇಶಗಳಲ್ಲಿ ನಡೆಯುತ್ತಿದೆ. ಇದನ್ನು ಹೊಸಗಾಲದ ಹುಚ್ಚೆಂದು ಹಳಿಯುವವರೂ ಹೊಸಗಾಲದ ಮಹಾಶೋಧನೆಯೆಂದು ಹೊಗಳುವವರೂ ಸಮಾನವಾಗಿಯೇ ತಪ್ಪುತ್ತಾರೆ.

ತ್ರೂವೆಯ ತರುವಾಯ ಈ ದಾರಿ ಬಹುಬೇಗ ಮುಚ್ಚಿಹೋಗಲಿಲ್ಲ. ೧೮೯೫ನೆಯ ಡಿಸೆಂಬರ್ ೩೧ರಂದು ಅಮೇರಿಕದ ಒಹಾಯೊ ಸಂಸ್ಥಾನದ ಆಗ್ಡನ್ ಬೋಲ್ಟನ್ ಎಂಬವನಿಗೆ ವಿದ್ಯುತ್ ಬೈಸಿಕಲ್ಲಿನ ಪೇಟೆಂಟು ದೊರೆಯಿತು. ಅವನ ಯೋಜನೆಯಲ್ಲಿ ಮೋಟಾರು ಹಿಂದಿನ ಚಕ್ರದ ಗುಂಬದೊಳಗೇ ಅಡಗಿದ್ದಿತು. ಬ್ಯಾಟರಿ ಚೌಕಟ್ಟಿನ ನಡುವೆ ತೂಗಾಡುತ್ತಿದ್ದಿತು. ಸರಪಳಿಯೂ ಬೇಡ, ಹಲ್ಲುಚಕ್ರಗಳೂ ಬೇಡ. ಈ ಗುಂಬದ ಮೋಟಾರಿನ ಹೆಸರನ್ನು ಓದುಗರು ನೆನಪಿನಲ್ಲಿಟ್ಟಿರಬೇಕು. ನೂರಿಪ್ಪತ್ತಮೂರು ವರ್ಷಗಳ ತರುವಾಯ ಅದು ಈ ಕಥೆಯೊಳಕ್ಕೆ ಮತ್ತೆ ಬರುತ್ತದೆ.

ಹಾಗಿದ್ದೂ ಇಪ್ಪತ್ತನೆಯ ಶತಮಾನವೆಲ್ಲ ಪೆಟ್ರೋಲಿನ ಪಾಲಾಯಿತು. ಇದಕ್ಕೆ ಕಾರಣವನ್ನು ತಿಳಿಯಲು ದೊಡ್ಡ ಶಾಸ್ತ್ರಜ್ಞಾನವೇನೂ ಬೇಕಾಗಿಲ್ಲ, ಮನೆಗೆ ಬರುವ ವಿದ್ಯುತ್ತಿನ ಬಿಲ್ಲಿನಲ್ಲಿರುವ ಯೂನಿಟ್ಟಿನ ಲೆಕ್ಕವೇ ಸಾಕು. ಒಂದು ಲೀಟರು ಪೆಟ್ರೋಲಿನಲ್ಲಿ ಸುಮಾರು ೯ ಯೂನಿಟ್ಟಿನಷ್ಟು ಶಾಖಶಕ್ತಿ ಅಡಗಿದೆ. ಮೋಟಾರು ಸೈಕಲಿನ ಟ್ಯಾಂಕಿನಲ್ಲಿ ಹತ್ತು ಲೀಟರು ಹಿಡಿಯುವುದಾದರೆ ೯೦ ಯೂನಿಟ್ಟಾಯಿತು. ತೂಕವೋ ಏಳೂವರೆ ಕಿಲೋಗ್ರಾಮಿನ ಒಳಗೇ. ಹಳೆಯ ಎಂಜಿನು ಇದರಲ್ಲಿ ಐದನೆಯ ಒಂದು ಪಾಲನ್ನು ಮಾತ್ರ ಚಲನೆಯಾಗಿ ಮಾರ್ಪಡಿಸಿ ಮಿಕ್ಕುದನ್ನು ಬಿಸಿಯಾಗಿ ಗಾಳಿಗೆ ಬಿಡುತ್ತದೆಂದಿಟ್ಟುಕೊಂಡರೂ ೧೮ ಯೂನಿಟ್ಟು ಕೈಗೆ ಬರುತ್ತದೆ. ಅದೇ ೧೮ ಯೂನಿಟ್ಟನ್ನು ಸೀಸದ ಬ್ಯಾಟರಿಯಲ್ಲಿ ಹೊತ್ತು ನಡೆಯಬೇಕಾದರೆ ಬ್ಯಾಟರಿಯ ತೂಕವೇ ಐನೂರು ಕಿಲೋಗ್ರಾಮನ್ನು ದಾಟುತ್ತದೆ. ಇಬ್ಬರು ಕೂರುವ ಗಾಡಿಯ ಮೇಲೆ ಒಂದು ಎಮ್ಮೆಯನ್ನು ಹೇರಿದಂತಾಯಿತು. ವಿದ್ಯುತ್ ಮೋಟಾರು ತನಗೆ ಕೊಟ್ಟ ಶಕ್ತಿಯಲ್ಲಿ ಹತ್ತಕ್ಕೆ ಒಂಬತ್ತು ಪಾಲನ್ನು ಕೆಲಸವಾಗಿ ಹಿಂದಿರುಗಿಸುವಷ್ಟು ಪ್ರಾಮಾಣಿಕವಾದುದು ನಿಜ. ಆದರೆ ಅದಕ್ಕೆ ಬೇಕಾದ ಬುತ್ತಿಯೇ ಹೊರಲಾರದಷ್ಟು ಭಾರವಾಗಿದ್ದಿತು.

ಪೆಟ್ರೋಲೇ ದೊರೆಯದೆ ಹೋದಾಗ ಮಾತ್ರ ಜನರು ಆ ಭಾರವನ್ನು ಹೊರಲೊಪ್ಪಿದರು. ಎರಡನೆಯ ಮಹಾಯುದ್ಧದಲ್ಲಿ ಜರ್ಮನರ ವಶವಾಗಿದ್ದ ಬೆಲ್ಜಿಯಮ್ ದೇಶದಲ್ಲಿ ಸೊಕೊವೆಲ್ ಎಂಬ ಸಂಸ್ಥೆಯು ಸೀಸದ ಬ್ಯಾಟರಿಗಳಿಂದ ನಡೆಯುವ ಮೋಟಾರು ಸೈಕಲುಗಳನ್ನು ಮಾಡಿ ಮಾರಿತು. ಅವುಗಳ ವೇಗ ಒಳ್ಳೆಯ ಬೈಸಿಕಲ್ ಸವಾರನನ್ನು ನಾಚಿಸುವಂತಹುದಲ್ಲ. ಯುದ್ಧ ಮುಗಿದು ಪೆಟ್ರೋಲು ಬಂದೊಡನೆ ಅವು ಮೂಲೆ ಸೇರಿದುವು. ಅದೇ ಕಾಲದಲ್ಲಿ ನಮ್ಮ ದೇಶದಲ್ಲಿ ಬಸ್ಸುಗಳ ಬೆನ್ನಿಗೆ ಇದ್ದಿಲಿನ ಒಲೆಯಂತಹ ಅನಿಲಯಂತ್ರವನ್ನು ಕಟ್ಟಿ ನಡೆಸಿದುದನ್ನು ಹಿರಿಯರಿಂದ ಕೇಳಿದವರು ಹಲವರಿರಬಹುದು. ಹೊರಡುವ ಮುನ್ನ ಅರ್ಧ ಗಂಟೆ ಒಲೆಯನ್ನು ಊದಿ, ಏರು ಬಂದಲ್ಲಿ ಪ್ರಯಾಣಿಕರನ್ನು ಇಳಿಸಿ ನಡೆಸುತ್ತಿದ್ದ ಆ ಬಸ್ಸುಗಳೂ ಬಗೆಯಲ್ಲಿ ಇದೇ ಕಥೆಯವು: ಒಡಲು ಅದೇ, ಆಹಾರ ಬೇರೆ. ಆದರೆ ಈ ಎಲ್ಲ ಮಾರ್ಪಾಡುಗಳೂ ಕೊರತೆಯ ಮಕ್ಕಳು. ರೂಪದ ಮೇಲಣ ಮೋಹದಿಂದ ಯಾರೂ ಇವನ್ನು ಮಾಡಲಿಲ್ಲ. ರೂಪವನ್ನು ಉಳಿಸುವುದಕ್ಕಾಗಿಯೇ ಶಕ್ತಿಯನ್ನು ಬದಲಾಯಿಸುವ ವಿಚಾರ ಹುಟ್ಟಬೇಕಾದರೆ ಲಿಥಿಯಮ್ ಬ್ಯಾಟರಿ ಬರಬೇಕಾಯಿತು. ಇದು ೧೯೯೧ರಲ್ಲಿ ಜಪಾನಿನಲ್ಲಿ ಮೊದಲು ಮಾರಾಟಕ್ಕೆ ಬಂದಿತು. ಕ್ರಮೇಣ ಸುಧಾರಿಸಿ, ಸೀಸದ ಬ್ಯಾಟರಿ ಐನೂರು ಕಿಲೋಗ್ರಾಮಿನಲ್ಲಿ ಹೊರುತ್ತಿದ್ದುದನ್ನು ನೂರರ ಆಸುಪಾಸಿನಲ್ಲಿಯೇ ಹೊರುವಷ್ಟಾಯಿತು. ಎಮ್ಮೆಯ ಬದಲು ಮತ್ತೊಬ್ಬ ದಪ್ಪ ಸವಾರನನ್ನು ಕೂರಿಸಿಕೊಂಡಂತೆ.

ಈ ವಿಚಾರವನ್ನು ವಿವರಿಸುವುದಕ್ಕೆ ಬುಲ್ಲೆಟ್ ಮೋಟಾರು ಸೈಕಲಿಗಿಂತ ಒಳ್ಳೆಯ ನಿದರ್ಶನ ದೊರಕದು. ಇಂಗ್ಲೆಂಡಿನ ರೆಡ್ಡಿಚ್ ಪಟ್ಟಣದ ರಾಯಲ್ ಎನ್‌ಫೀಲ್ಡ್ ಸಂಸ್ಥೆ ಈ ಹೆಸರನ್ನು ೧೯೩೨ರಲ್ಲಿ ಬಳಕೆಗೆ ತಂದಿತು. ಇಂದು ನಮಗೆ ಪರಿಚಿತವಾಗಿರುವ ಅದರ ಆಕಾರ ಎರಡನೆಯ ಮಹಾಯುದ್ಧ ಮುಗಿದ ಕೆಲವು ವರ್ಷಗಳಲ್ಲಿ ರೂಪುಗೊಂಡಿತು: ನೆಟ್ಟಗೆ ನಿಂತ ಒಂದೇ ಸಿಲಿಂಡರು, ೭೦ ಮಿಲಿಮೀಟರು ವ್ಯಾಸ, ೯೦ ಮಿಲಿಮೀಟರು ಓಟ, ೩೪೬ ಘನ ಸೆಂಟಿಮೀಟರಿನ ಎರಕದ ಕಬ್ಬಿಣದ ಎಂಜಿನು, ಅದರ ಮೇಲೆ ಕಣ್ಣೀರಿನ ಹನಿಯಂತಹ ಟ್ಯಾಂಕು. ಸ್ವತಂತ್ರ ಭಾರತದ ಸೈನ್ಯವು ಗಡಿಕಾವಲಿಗೆ ಈ ಗಾಡಿಯನ್ನು ಒಪ್ಪಿಕೊಂಡಿತು. ೧೯೫೫ರಲ್ಲಿ ಮದರಾಸಿನಲ್ಲಿಯೇ ಎನ್‌ಫೀಲ್ಡ್ ಇಂಡಿಯಾ ಎಂಬ ಸಂಸ್ಥೆ ಸ್ಥಾಪಿತವಾಯಿತು. ೧೯೭೦ರ ಸುಮಾರಿಗೆ ಇಂಗ್ಲೆಂಡಿನ ತಾಯಿಮನೆ ಬಾಗಿಲು ಮುಚ್ಚಿತು. ಮದರಾಸಿನ ಮಗಳು ತಾಯಿಯ ಸೀರೆಯನ್ನೇ ಉಟ್ಟುಕೊಂಡು ಸಂಸಾರ ನಡೆಸಿದಳು. ೧೯೭೭ರ ಹೊತ್ತಿಗೆ ಅದೇ ಗಾಡಿ ಹಡಗೇರಿ ಇಂಗ್ಲೆಂಡಿಗೆ ಮಾರಾಟಕ್ಕೆ ಹೋಯಿತು. ಹುಟ್ಟಿದ ಊರಿನಲ್ಲಿ ಮರೆತುಹೋಗಿದ್ದ ರೂಪವನ್ನು ಅಲ್ಲಿನ ಮುದುಕರು ಮದರಾಸಿನಿಂದ ಮರಳಿ ಕೊಂಡರು.

ಇಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕಾಗಿದೆ. ಬುಲ್ಲೆಟ್ಟಿನ ಎಂಜಿನು ಪವಿತ್ರವಾದುದು, ಅದನ್ನು ಮುಟ್ಟಬಾರದು ಎಂಬುವರು ಆ ಗಾಡಿಯ ಚರಿತ್ರೆಯನ್ನೇ ಮರೆತಿರುತ್ತಾರೆ. ಎರಕದ ಕಬ್ಬಿಣದ ಹಳೆಯ ಎಂಜಿನಿನ ತರುವಾಯ ಅಲ್ಯೂಮಿನಿಯಮ್ಮಿನ ಎಂಜಿನು ಬಂದಿತು. ೨೦೦೯ರ ವೇಳೆಗೆ ಎಂಜಿನೂ ಗಿಯರುಪೆಟ್ಟಿಗೆಯೂ ಒಂದೇ ಕವಚದೊಳಗಿರುವ ಮತ್ತೊಂದು ಬಂದಿತು. ೨೦೨೩ರಲ್ಲಿ ಅದೂ ಹೋಗಿ ಮಗದೊಂದು ಬಂದಿತು. ಪ್ರತಿಯೊಂದು ಸಾರಿಯೂ ಕಾರ್ಖಾನೆಯವರು ಒಳಗಿನದನ್ನು ಬದಲಾಯಿಸಿ ಹೊರಗಿನ ರೂಪವನ್ನು ಜತನದಿಂದ ಕಾಪಾಡಿಕೊಂಡು ಬಂದರು. ಇನ್ನೂ ವಿಚಿತ್ರವಾದ ಸಂಗತಿಯೊಂದುಂಟು. ಒಂದು ಕಾಲದಲ್ಲಿ ಅದೇ ಒಡಲಿಗೆ ೩೨೫ ಘನ ಸೆಂಟಿಮೀಟರಿನ ಡೀಸೆಲ್ ಎಂಜಿನನ್ನು ಕೂಡಿಸಿ ಸಂಸ್ಥೆಯೇ ಮಾರಿತು. ಅದರ ಬಲ ಆರೂವರೆ ಅಶ್ವಶಕ್ತಿ ಮಾತ್ರ. ನೀರೆತ್ತುವ ಪಂಪಿಗೆ ತಕ್ಕ ಆ ಎಂಜಿನು ಇಡೀ ಗಾಡಿಯನ್ನು ನಡುಗಿಸುತ್ತಿದ್ದಿತು. ಆದರೂ ಒಂದು ಲೀಟರಿಗೆ ಅದು ಓಡುತ್ತಿದ್ದ ದೂರವನ್ನು ಕಂಡು ರೈತರೂ ಹಾಲು ಮಾರುವವರೂ ಅದನ್ನು ಕೊಂಡರು. ಊರೂರಿನ ಮೆಕ್ಯಾನಿಕ್ಕುಗಳು ಸಹ ಹಳೆಯ ಬುಲ್ಲೆಟ್ಟುಗಳಿಗೆ ಡೀಸೆಲ್ ಎಂಜಿನನ್ನು ತಾವೇ ಕೂಡಿಸಿಕೊಡುತ್ತಿದ್ದರು. ಆಗ ಯಾರೂ ಸಂಪ್ರದಾಯ ಕೆಟ್ಟಿತೆಂದು ಅಳಲಿಲ್ಲ. ಸದ್ದು ಇದ್ದುದರಿಂದ ಇರಬಹುದು. ಡೀಸೆಲ್ಲಿನ ಸದ್ದು ಪೆಟ್ರೋಲಿನದಕ್ಕಿಂತ ಹೆಚ್ಚೇ ಹೊರತು ಕಡಿಮೆಯಲ್ಲ.

ಬುಲ್ಲೆಟ್ಟಿಗೆ ವಿದ್ಯುತ್ತನ್ನು ಹೂಡಿದ ಪ್ರಸಿದ್ಧವಾದ ಪ್ರಯತ್ನ ನಡೆದುದು ೨೦೧೮ರಲ್ಲಿ, ವೇಲ್ಸ್ ಪ್ರಾಂತದ ನ್ಯೂಟೌನ್ ಎಂಬ ಚಿಕ್ಕ ಪಟ್ಟಣದಲ್ಲಿ. ಸಹಕಾರ ತತ್ತ್ವವನ್ನು ಪ್ರಚಾರಗೊಳಿಸಿದ ರಾಬರ್ಟ್ ಓವೆನ್ ಹುಟ್ಟಿದ ಊರೆಂದು ನಮ್ಮ ಸಹಕಾರಿ ಬಂಧುಗಳಿಗೆ ಈ ಊರಿನ ಹೆಸರು ತಿಳಿದಿರಬಹುದು. ಅಲ್ಲಿ ಹಳೆಯ ಮೋಟಾರು ಕಾರುಗಳಿಗೆ ವಿದ್ಯುತ್ತನ್ನು ಹೂಡುತ್ತಿದ್ದ ಎಲೆಕ್ಟ್ರಿಕ್ ಕ್ಲಾಸಿಕ್ ಕಾರ್ಸ್ ಎಂಬ ಸಂಸ್ಥೆಯು ಬುಲ್ಲೆಟ್ಟಿನ ಎಂಜಿನನ್ನೂ ಗಿಯರುಪೆಟ್ಟಿಗೆಯನ್ನೂ ತೆಗೆದು, ೧೦ ಯೂನಿಟ್ಟು ಹಿಡಿಯುವ ಲಿಥಿಯಮ್ ಬ್ಯಾಟರಿಯನ್ನು ಕೂಡಿಸಿತು. ಮೋಟಾರನ್ನು ಇಟ್ಟುದು ಎಲ್ಲಿ? ಹಿಂದಿನ ಚಕ್ರದ ಗುಂಬದಲ್ಲಿ, ೧೮೯೫ರ ಆ ಪೇಟೆಂಟಿನಲ್ಲಿದ್ದ ಜಾಗದಲ್ಲಿಯೇ. ಅದರ ಬಲ ೧೨ ಕಿಲೋವಾಟು, ಎಂದರೆ ಸುಮಾರು ೧೬ ಅಶ್ವಶಕ್ತಿ. ಫೋಟಾನ್ ಎಂದು ಹೆಸರಿಟ್ಟ ಈ ಗಾಡಿ ಗಂಟೆಗೆ ೭೦ ಮೈಲಿಯ ವೇಗದವರೆಗೂ ಹೋಗಬಲ್ಲುದೆಂದೂ, ಒಂದು ಸಾರಿ ತುಂಬಿಸಿದರೆ ಸುಮಾರು ೮೦ ಮೈಲಿ ನಡೆಯುವುದೆಂದೂ ಸಂಸ್ಥೆ ಪ್ರಕಟಿಸಿತು. ಬೆಲೆ ೨೦,೦೦೦ ಪೌಂಡು. ಆ ಹಣದಲ್ಲಿ ಪೆಟ್ರೋಲಿನ ಹೊಸ ಬುಲ್ಲೆಟ್ಟುಗಳನ್ನು ಒಂದಲ್ಲ, ಹಲವನ್ನು ಕೊಳ್ಳಬಹುದಾಗಿದ್ದಿತು. ಈ ಕೆಲಸದಲ್ಲಿ ಮಿತವ್ಯಯವನ್ನು ಹುಡುಕುವವರು ಬೇರೆ ಕಡೆ ಹುಡುಕುವುದು ಲೇಸು.

ಹಣದ ಮಾತು ಹಾಗಿರಲಿ. ರೂಪವನ್ನು ಉಳಿಸುವ ಕೆಲಸದಲ್ಲಿರುವ ಕಷ್ಟಗಳು ಹೊರಗಿನಿಂದ ನೋಡುವವರಿಗೆ ಸುಲಭವಾಗಿ ತಿಳಿಯತಕ್ಕವಲ್ಲ. ಮೊದಲನೆಯದಾಗಿ, ಹಳೆಯ ಬುಲ್ಲೆಟ್ಟಿನಲ್ಲಿ ಎಂಜಿನು ಚೌಕಟ್ಟಿನ ಮೇಲೆ ಇರಿಸಿದ ಹೊರೆಯಲ್ಲ. ಅದು ಚೌಕಟ್ಟಿನ ಒಂದು ಅಂಗ. ಮುಂದುಗಡೆಯಿಂದ ಇಳಿದುಬರುವ ಕೊಳವೆ ಎಂಜಿನಿನ ಹತ್ತಿರ ನಿಂತುಹೋಗುತ್ತದೆ. ಅಲ್ಲಿಂದ ಹಿಂದಿನ ಕೊಳವೆಗಳವರೆಗೆ ಸೇತುವೆಯಂತೆ ನಿಂತಿರುವುದು ಎಂಜಿನಿನ ಕವಚವೇ. ಎಂಜಿನನ್ನು ತೆಗೆದರೆ ಸೇತುವೆ ಬೀಳುತ್ತದೆ. ಆದಕಾರಣ ಬ್ಯಾಟರಿಯ ಪೆಟ್ಟಿಗೆಯನ್ನು ಉಕ್ಕಿನಿಂದ ಗಟ್ಟಿಯಾಗಿ ಕಟ್ಟಿ, ಎಂಜಿನಿನ ಮೊಳೆಗಳಿದ್ದ ತೂತುಗಳಿಗೇ ಬಿಗಿದು, ಅದು ಹೊತ್ತಿದ್ದ ಭಾರವನ್ನೂ ಅದೇ ಹೊರುವಂತೆ ಮಾಡಬೇಕು. ತೂತು ಹೊಸದಾಗಿ ಕೊರೆಯದೆ, ಬೆಸುಗೆ ಹಾಕದೆ ಇಷ್ಟನ್ನು ಮಾಡುವವನೇ ಜಾಣ. ಏಕೆಂದರೆ ಒಮ್ಮೆ ಕೊಯ್ದ ಚೌಕಟ್ಟು ಮತ್ತೆ ಮೊದಲಿನಂತಾಗುವುದಿಲ್ಲ.

ಎರಡನೆಯದು ಕಣ್ಣಿನ ವಿಷಯ. ಮೋಟಾರು ಸೈಕಲಿನ ಸೌಂದರ್ಯವೆಲ್ಲ ಬರಿಯ ಟ್ಯಾಂಕಿನಲ್ಲಿಯೂ ದೀಪದಲ್ಲಿಯೂ ಇರುವುದೆಂದು ತಿಳಿಯಬಾರದು. ಸಿಲಿಂಡರಿನ ಸುತ್ತ ಒಂದರ ಮೇಲೊಂದು ಎದ್ದಿರುವ ತಗಡುಗಳು ಗಾಳಿಗೆ ಬಿಸಿಯನ್ನು ಬಿಡುವುದಕ್ಕಾಗಿ ಹುಟ್ಟಿದುವು. ಆದರೆ ಎಪ್ಪತ್ತು ವರ್ಷ ನೋಡಿ ನೋಡಿ ಕಣ್ಣು ಅವುಗಳನ್ನು ಆಭರಣವೆಂದು ಭಾವಿಸಿಬಿಟ್ಟಿದೆ. ಅವು ಇದ್ದ ಜಾಗದಲ್ಲಿ ಚೌಕಾಕಾರದ ಪೆಟ್ಟಿಗೆಯೊಂದು ಕುಳಿತರೆ ಗಾಡಿಯು ಹೊಟ್ಟೆಯುಬ್ಬರಿಸಿದಂತೆ ಕಾಣುತ್ತದೆ. ಚಿಕ್ಕದಾದರೆ ಹೊಟ್ಟೆ ಬತ್ತಿದಂತೆ ಕಾಣುತ್ತದೆ. ಕೆಲವರು ಬ್ಯಾಟರಿಯ ಕವಚಕ್ಕೂ ಅಂತಹುದೇ ತಗಡುಗಳನ್ನು ಎರಕ ಹೊಯ್ದು ಹಚ್ಚುತ್ತಾರೆ. ಬ್ಯಾಟರಿಗೂ ಬಿಸಿಯನ್ನು ಹೊರಹಾಕುವ ಅವಶ್ಯಕತೆ ಇರುವುದರಿಂದ ಇದು ಬರಿಯ ಸೋಗೆಂದು ಹೇಳುವಂತಿಲ್ಲ. ಟ್ಯಾಂಕು ಮಾತ್ರ ಒಳಗೆ ಟೊಳ್ಳಾದ ದೊಡ್ಡ ಪಾತ್ರೆ. ಪೆಟ್ರೋಲಿಲ್ಲದಾಗ ಅದರ ಹೊಟ್ಟೆಯೊಳಗೆ ವಿದ್ಯುತ್ ನಿಯಂತ್ರಕವನ್ನೋ ಬ್ಯಾಟರಿಯ ಒಂದು ಭಾಗವನ್ನೋ ಅಡಗಿಸಬಹುದು. ಪೆಟ್ರೋಲು ಹೊಯ್ಯುತ್ತಿದ್ದ ಮುಚ್ಚಳವನ್ನು ತೆರೆದರೆ ಅಲ್ಲಿಯೇ ವಿದ್ಯುತ್ತಿನ ತಂತಿಯನ್ನು ಸಿಕ್ಕಿಸುವ ಗೂಡು ಇರುವಂತೆ ಮಾಡುವುದು ಸೊಗಸಾದ ಉಪಾಯ.

ಮೂರನೆಯದು ಬಲದ ವಿಷಯ. ಪೆಟ್ರೋಲಿನ ಎಂಜಿನು ವೇಗ ಏರಿದ ಮೇಲೆ ಬಲವನ್ನು ಕೊಡುತ್ತದೆ; ವಿದ್ಯುತ್ ಮೋಟಾರು ನಿಂತಲ್ಲಿಂದಲೇ ತನ್ನ ತಿರುಗುಬಲವನ್ನೆಲ್ಲ ಕೊಡುತ್ತದೆ. ಹಳೆಯ ಸರಪಳಿಗೂ ಕಡ್ಡಿಗಳ ಚಕ್ರಕ್ಕೂ ಈ ಹಠಾತ್ತಾದ ಎಳೆತವನ್ನು ತಾಳುವ ಅಭ್ಯಾಸವಿಲ್ಲ. ಮೋಟಾರನ್ನು ಗುಂಬದಲ್ಲಿ ಇಟ್ಟರೆ ಸರಪಳಿಯ ಚಿಂತೆ ತಪ್ಪುತ್ತದೆ. ಆದರೆ ಹಿಂದಿನ ಚಕ್ರ ಭಾರವಾಗಿ, ಹಳ್ಳದ ರಸ್ತೆಯಲ್ಲಿ ಸವಾರನ ಬೆನ್ನಿಗೆ ಅದರ ಅರಿವಾಗುತ್ತದೆ. ಇವೆಲ್ಲಕ್ಕಿಂತ ಮಿಗಿಲಾದುದು ಬ್ರೇಕಿನ ಸಂಗತಿ. ಹಳೆಯ ಡ್ರಮ್ ಬ್ರೇಕುಗಳು ಹಳೆಯ ವೇಗಕ್ಕೂ ಹಳೆಯ ತೂಕಕ್ಕೂ ತಕ್ಕವು. ರೂಪ ಕೆಡಬಾರದೆಂದು ಅವನ್ನೇ ಉಳಿಸಿ ಬಲವನ್ನು ಹೆಚ್ಚಿಸುವವರು ಸೌಂದರ್ಯಕ್ಕಾಗಿ ಎಲುಬನ್ನು ಪಣವಾಗಿ ಒಡ್ಡುತ್ತಾರೆ. ಇದನ್ನು ಮಾತ್ರ ಯಾರೂ ಸಮರ್ಥಿಸಲಾರರು.

ಹೀಗೆ ಎಲ್ಲವನ್ನೂ ಸರಿಪಡಿಸಿ ರಸ್ತೆಗಿಳಿಸಿದ ಗಾಡಿ ಹಳೆಯ ಗಾಡಿಯೇ ಅಲ್ಲವೇ ಎಂಬ ಪ್ರಶ್ನೆ ಉಳಿಯುತ್ತದೆ. ಹಳೆಯ ವಾಹನಗಳ ಸಂಘಗಳ ಅಂತರರಾಷ್ಟ್ರೀಯ ಒಕ್ಕೂಟವೊಂದುಂಟು. ಫ್ರೆಂಚ್ ಹೆಸರಿನ ಮೊದಲಕ್ಷರಗಳಿಂದ ಅದನ್ನು ಫೀವಾ ಎಂದು ಕರೆಯುತ್ತಾರೆ. ಅದರ ವ್ಯಾಖ್ಯೆಯ ಪ್ರಕಾರ ಐತಿಹಾಸಿಕ ವಾಹನವೆಂದರೆ ಕನಿಷ್ಠ ಮೂವತ್ತು ವರ್ಷ ಹಳೆಯದು, ಚರಿತ್ರೆಗೆ ಒಪ್ಪುವ ಸ್ಥಿತಿಯಲ್ಲಿ ಕಾಪಾಡಲ್ಪಟ್ಟುದು, ದಿನನಿತ್ಯದ ಸಂಚಾರಕ್ಕೆ ಬಳಸದೆ ಇರುವುದು. ೨೦೧೯ರಲ್ಲಿ ಈ ಒಕ್ಕೂಟವು, ಎಂಜಿನನ್ನು ತೆಗೆದು ವಿದ್ಯುತ್ತನ್ನು ಹೂಡಿದ ವಾಹನ ಐತಿಹಾಸಿಕವೆನಿಸಲಾರದೆಂದು ಖಂಡಿತವಾಗಿ ತಿಳಿಸಿತು. ವಾಹನದ ಚರಿತ್ರೆ ಅದರ ಮೈಯಲ್ಲಿ ಮಾತ್ರವಲ್ಲದೆ ಅದು ನಡೆಯುವ ಬಗೆಯಲ್ಲಿಯೂ ಇದೆಯೆಂಬುದು ಅವರ ವಾದ. ಆದರೆ ಮಾರ್ಪಡಿಸಲೇಬೇಕೆಂದು ನಿರ್ಧರಿಸಿದವರಿಗೆ ಅವರು ಒಂದು ಬುದ್ಧಿವಾದವನ್ನೂ ಹೇಳಿದರು: ಮಾಡುವ ಮಾರ್ಪಾಡು ಹಿಂದಕ್ಕೆ ತಿರುಗಿಸಬಹುದಾದುದಾಗಿರಲಿ, ತೆಗೆದ ಮೂಲಭಾಗಗಳೆಲ್ಲಕ್ಕೂ ಗುರುತು ಹಾಕಿ ಭದ್ರವಾಗಿ ಇಟ್ಟಿರಲಿ.

ಇದನ್ನು ಓದಿದಾಗ ಶಂಕರಾಚಾರ್ಯರ ಪರಕಾಯಪ್ರವೇಶದ ಕಥೆ ಯಾರಿಗಾದರೂ ನೆನಪಾಗದಿರದು. ಆಚಾರ್ಯರು ಅಮರುಕ ರಾಜನ ಶರೀರವನ್ನು ಹೊಕ್ಕಾಗ ಅವರ ಸ್ವಂತ ಶರೀರವನ್ನು ಶಿಷ್ಯರು ಗುಹೆಯಲ್ಲಿ ಕಾದುಕೊಂಡಿದ್ದರಷ್ಟೆ. ಕಾಯುವವರು ಇದ್ದುದರಿಂದಲೇ ಹಿಂದಿರುಗಿ ಬರುವುದಕ್ಕೆ ದಾರಿ ಇದ್ದಿತು. ಇಂಗ್ಲೆಂಡಿನ ಜಾಗ್ವಾರ್ ಸಂಸ್ಥೆಯು ೨೦೧೭ರಲ್ಲಿ ತನ್ನದೇ ಆದ ಹಳೆಯ ಇ-ಟೈಪ್ ಕಾರಿಗೆ ವಿದ್ಯುತ್ತನ್ನು ಹೂಡಿದಾಗ ಬ್ಯಾಟರಿಯ ಪೆಟ್ಟಿಗೆಯನ್ನು ಮೂಲ ಎಂಜಿನಿನ ಅಳತೆಗೂ ತೂಕಕ್ಕೂ ಸರಿಯಾಗುವಂತೆ ಕಟ್ಟಿ, ಬೇಕೆಂದಾಗ ಎಂಜಿನನ್ನೇ ಮತ್ತೆ ಕೂರಿಸುವಂತೆ ಮಾಡಿತು. ಮರುವರ್ಷ ಮೇ ತಿಂಗಳಲ್ಲಿ ಬ್ರಿಟಿಷ್ ರಾಜಕುಮಾರ ಹ್ಯಾರಿಯು ವಿಂಡ್ಸರಿನಲ್ಲಿ ಮದುವೆಯಾಗಿ ಪತ್ನಿಯೊಡನೆ ಹೊರಟುದು ಅಂತಹ ಕಾರಿನಲ್ಲಿಯೇ. ಲೋಕವೆಲ್ಲ ಅದರ ರೂಪವನ್ನು ಮೆಚ್ಚಿತು. ಸದ್ದಿಲ್ಲವೆಂದು ಕೆಲವರು ಗೊಣಗಿದರು.

ನಮ್ಮ ದೇಶದ ಕಾನೂನು ಈ ಪ್ರಶ್ನೆಗೆ ಎರಡು ಬಾಯಿಂದ ಎರಡು ಉತ್ತರ ಕೊಡುತ್ತದೆ. ಮೋಟಾರು ವಾಹನಗಳ ೧೯೮೮ರ ಅಧಿನಿಯಮದ ೫೨ನೆಯ ಪ್ರಕರಣದಂತೆ ನೋಂದಣಿ ಪತ್ರದಲ್ಲಿ ನಮೂದಾದ ವಿವರಗಳಿಗೆ ವ್ಯತ್ಯಾಸ ಬರುವಂತೆ ವಾಹನವನ್ನು ಬದಲಾಯಿಸಕೂಡದು. ಆದರೆ ಒಪ್ಪಿಗೆ ಪಡೆದ ಸಲಕರಣೆಯನ್ನು ಕೂಡಿಸಿ ಬೇರೆ ಶಕ್ತಿಯಿಂದ ನಡೆಯುವಂತೆ ಮಾಡಿಕೊಳ್ಳುವುದಕ್ಕೆ ಅವಕಾಶವುಂಟು. ೨೦೨೧ರಲ್ಲಿ ಮಹಾರಾಷ್ಟ್ರದ ಸಂಸ್ಥೆಯೊಂದು ಹೀರೋ ಸ್ಪ್ಲೆಂಡರ್ ಮೋಟಾರು ಸೈಕಲಿಗೆ ಅಂತಹ ಸಲಕರಣೆಯನ್ನು ಸುಮಾರು ಮೂವತ್ತೈದು ಸಾವಿರ ರೂಪಾಯಿಗೆ ಮಾರಾಟಕ್ಕೆ ತಂದಿತು. ಬ್ಯಾಟರಿಯ ಬೆಲೆ ಬೇರೆ. ಸ್ಪ್ಲೆಂಡರನ್ನು ರೂಪಕ್ಕಾಗಿ ಪ್ರೀತಿಸಿದವರು ಕಡಮೆ. ಅಲ್ಲಿ ಲೆಕ್ಕವೆಲ್ಲ ಪೆಟ್ರೋಲಿನ ಖರ್ಚಿನದು. ಅದೇ ೨೦೨೧ರ ಜುಲೈ ತಿಂಗಳಲ್ಲಿ ಕೇಂದ್ರ ಸರ್ಕಾರವು ಪುರಾತನ ವಾಹನಗಳಿಗೆ ಪ್ರತ್ಯೇಕ ನಿಯಮಗಳನ್ನು ಪ್ರಕಟಿಸಿತು. ಮೊದಲ ನೋಂದಣಿಯಾಗಿ ಐವತ್ತು ವರ್ಷ ಕಳೆದ ದ್ವಿಚಕ್ರ ಮತ್ತು ಚತುಶ್ಚಕ್ರ ವಾಹನಗಳಿಗೆ ‘ವಿಎ’ ಎಂಬ ಅಕ್ಷರಗಳುಳ್ಳ ಸಂಖ್ಯೆ ದೊರೆಯುತ್ತದೆ; ಹೊಸ ನೋಂದಣಿಯ ಶುಲ್ಕ ೨೦,೦೦೦ ರೂಪಾಯಿ. ಆದರೆ ಚೌಕಟ್ಟು, ಮೈ, ಎಂಜಿನು ಇವುಗಳಲ್ಲಿ ಗಣನೀಯವಾದ ಮಾರ್ಪಾಡು ಆಗಿರಕೂಡದೆಂಬುದು ನಿಬಂಧನೆ. ಹೀಗಾಗಿ ಎಂಜಿನನ್ನು ಇಳಿಸಿದ ಗಾಡಿ ರಸ್ತೆಯ ಮೇಲೆ ನಡೆಯಬಹುದು. ಪುರಾತನವೆಂಬ ಗೌರವ ಮಾತ್ರ ಅದಕ್ಕಿಲ್ಲ. ಎರಡು ಉತ್ತರಗಳಾದರೂ ಇವು ಒಂದಕ್ಕೊಂದು ವಿರೋಧವಲ್ಲ, ನ್ಯಾಯವಾಗಿಯೇ ಇವೆ.

ಈ ನ್ಯಾಯದ ಬಿಸಿ ಕನ್ನಡ ನಾಡಿಗೆ ತಟ್ಟುವುದು ಮೈಸೂರಿನ ಜಾವಾ ಗಾಡಿಗಳ ವಿಷಯದಲ್ಲಿ. ಜೆಕ್ ದೇಶದ ಯಾನೆಚೆಕ್ ಎಂಬ ಉದ್ಯಮಿ ೧೯೨೯ರಲ್ಲಿ ಜರ್ಮನಿಯ ವಾಂಡರರ್ ಸಂಸ್ಥೆಯಿಂದ ಮೋಟಾರು ಸೈಕಲಿನ ಹಕ್ಕನ್ನು ಕೊಂಡು, ಎರಡು ಹೆಸರುಗಳ ಮೊದಲಕ್ಷರಗಳನ್ನು ಸೇರಿಸಿ ಜಾವಾ ಎಂದು ಹೆಸರಿಟ್ಟನು. ಆ ಗಾಡಿಯನ್ನು ನಮ್ಮಲ್ಲಿಯೇ ತಯಾರಿಸಲು ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ೧೯೬೦ರ ಸುಮಾರಿಗೆ ಸ್ಥಾಪಿತವಾಯಿತು. ಶ್ರೀ ಜಯಚಾಮರಾಜ ಒಡೆಯರವರ ಪ್ರೋತ್ಸಾಹ ಅದಕ್ಕೆ ದೊರೆಯಿತು. ೧೯೭೩ರಿಂದ ಅದೇ ಕಾರ್ಖಾನೆಯ ಗಾಡಿಗಳು ಯೆಜ್ದಿ ಎಂಬ ಹೆಸರಿನಿಂದ ಹೊರಬಂದುವು. ೧೯೯೬ರಲ್ಲಿ ಕಾರ್ಖಾನೆ ಮುಚ್ಚಿತು. ಹಗುರವಾದ ಜಪಾನೀ ಮಾದರಿಯ ಗಾಡಿಗಳ ಪೈಪೋಟಿಯೂ, ಹೊಗೆಯನ್ನು ಕುರಿತ ಬಿಗಿಯಾದ ನಿಯಮಗಳೂ ಅದಕ್ಕೆ ಉರುಳಾದುವು. ಎಣ್ಣೆಯನ್ನು ಪೆಟ್ರೋಲಿನಲ್ಲಿಯೇ ಬೆರೆಸಿ ಉರಿಸುವ ಎರಡು ಓಟದ ಎಂಜಿನು ನೀಲಿ ಹೊಗೆಯನ್ನು ಬಿಡದೆ ನಡೆಯಲಾರದು.

ಹೊಗೆಯೇ ಈ ಗಾಡಿಯ ಶತ್ರುವಾದಮೇಲೆ ಅದನ್ನು ವಿದ್ಯುತ್ತಿಗೆ ತಿರುಗಿಸುವುದು ಯುಕ್ತವೆಂದು ಮೇಲ್ನೋಟಕ್ಕೆ ತೋರುತ್ತದೆ. ಆದರೆ ಜಾವಾ ಗಾಡಿಯ ಜಾಣ್ಮೆಯೆಲ್ಲ ಅದರ ಎಂಜಿನಿನಲ್ಲಿಯೇ ಇದೆ. ೬೫ ಮಿಲಿಮೀಟರು ವ್ಯಾಸ, ೭೫ ಮಿಲಿಮೀಟರು ಓಟದ ಒಂದೇ ಸಿಲಿಂಡರು. ಅದಕ್ಕೆ ಎರಡು ಪಕ್ಕಗಳಲ್ಲಿ ಎರಡು ಹೊಗೆಕೊಳವೆ. ಎಡಗಾಲಿನ ಒಂದೇ ಸನ್ನೆಕೋಲು ಮೊದಲು ಒದೆಯುವುದಕ್ಕೆ, ತರುವಾಯ ಒಳಕ್ಕೆ ಅದುಮಿ ತಿರುಗಿಸಿದರೆ ಗಿಯರು ಬದಲಾಯಿಸುವುದಕ್ಕೆ. ಗಿಯರು ಬದಲಾಗುವಾಗ ಕ್ಲಚ್ಚು ತಾನಾಗಿಯೇ ಬಿಡುತ್ತದೆ. ಎಂಜಿನನ್ನು ಇಳಿಸಿದರೆ ಈ ಸನ್ನೆಕೋಲಿಗೆ ಕೆಲಸವೇ ಇಲ್ಲ. ಮರೂನು ಬಣ್ಣದ ಟ್ಯಾಂಕೂ ಅದರ ಪಕ್ಕದ ಬೆಳ್ಳಿಯ ಹೊಳಪೂ ಉಳಿಯುತ್ತವೆ; ಮೈಸೂರಿನ ಕೆಲಸಗಾರರ ಕೈ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಪಳಗಿದ ಆ ಯಂತ್ರಕೌಶಲ ಉಳಿಯುವುದಿಲ್ಲ. ಪ್ರತಿ ವರ್ಷ ಜುಲೈ ತಿಂಗಳ ಎರಡನೆಯ ಭಾನುವಾರ ಜಾವಾ ಮತ್ತು ಯೆಜ್ದಿ ಗಾಡಿಗಳ ಅಭಿಮಾನಿಗಳು ಬೆಂಗಳೂರು ಮೈಸೂರು ಮೊದಲಾದ ಊರುಗಳಲ್ಲಿ ಒಂದುಗೂಡುತ್ತಾರೆ. ಅವರು ಕಣ್ಣಿಗಿಂತ ಕಿವಿಯಿಂದಲೇ ಗಾಡಿಯನ್ನು ಗುರುತಿಸುವವರು.

ಹಾಗೆಂದು ರೂಪವನ್ನಷ್ಟೆ ಬಯಸುವವರನ್ನು ಹೀಗಳೆಯುವುದೂ ತರವಲ್ಲ. ೨೦೧೮ರಲ್ಲಿ ಜಾವಾ ಹೆಸರು ಮತ್ತೆ ಮಾರುಕಟ್ಟೆಗೆ ಬಂದಾಗ ಅದರ ಎಂಜಿನು ನಾಲ್ಕು ಓಟದ್ದು, ನೀರಿನಿಂದ ತಣ್ಣಗಾಗುವಂತಹುದು; ಆದರೂ ಹಳೆಯದರಂತೆ ಕಾಣಲೆಂದು ತಗಡುಗಳನ್ನೂ ಎರಡು ಹೊಗೆಕೊಳವೆಗಳನ್ನೂ ಅದಕ್ಕೆ ಕೂಡಿಸಿದ್ದರು. ೨೦೨೪ರ ನವೆಂಬರಿನಲ್ಲಿ ಇಟಲಿಯ ಮಿಲಾನಿನಲ್ಲಿ ರಾಯಲ್ ಎನ್‌ಫೀಲ್ಡ್ ಸಂಸ್ಥೆ ಅನಾವರಣ ಮಾಡಿದ ವಿದ್ಯುತ್ ಮೋಟಾರು ಸೈಕಲಿಗೆ ಫ್ಲೈಯಿಂಗ್ ಫ್ಲೀ ಎಂದು ಹೆಸರಿಟ್ಟರು. ಎರಡನೆಯ ಮಹಾಯುದ್ಧದಲ್ಲಿ ವಿಮಾನದಿಂದ ಪ್ಯಾರಾಚೂಟಿನಲ್ಲಿ ಇಳಿಸುತ್ತಿದ್ದ ೧೨೫ ಘನ ಸೆಂಟಿಮೀಟರಿನ ಪುಟ್ಟ ಗಾಡಿಯ ಹೆಸರು ಅದು. ಹಾರುವ ಚಿಗಟವೆಂದು ಅದರ ಅರ್ಥ. ಹೊಸದರ ಬ್ಯಾಟರಿಯ ಕವಚಕ್ಕೂ ಎಂಜಿನಿಗಿರುವಂತಹ ತಗಡುಗಳಿವೆ. ಕಾರ್ಖಾನೆಗಳೇ ಹೊಸ ಗಾಡಿಗೆ ಹಳೆಯ ರೂಪವನ್ನು ಇಷ್ಟು ಚೆನ್ನಾಗಿ ತೊಡಿಸಬಲ್ಲುವಾದರೆ, ನಡೆಯುತ್ತಿರುವ ಹಳೆಯ ಗಾಡಿಯ ಹೊಟ್ಟೆಯನ್ನು ಕೊಯ್ಯುವ ಅಗತ್ಯ ಅಷ್ಟರಮಟ್ಟಿಗೆ ಕಡಮೆಯಾಗುತ್ತದೆ. ಎಂಜಿನು ಸಿಡಿದು ಬಿಡಿಭಾಗ ದೊರೆಯದೆ ಕೊಟ್ಟಿಗೆಯಲ್ಲಿ ತುಕ್ಕು ಹಿಡಿಯುತ್ತಿರುವ ಬುಲ್ಲೆಟ್ಟಿನ ಮಾತು ಬೇರೆ; ಅದಕ್ಕೆ ವಿದ್ಯುತ್ತು ಮರುಜನ್ಮವೇ ಸರಿ. ಒದೆದೊಡನೆ ಹೊತ್ತಿಕೊಳ್ಳುವ ೧೯೬೧ರ ಜಾವಾ ಗಾಡಿಯ ಮಾತು ಬೇರೆ.

ಎರಡರ ನಡುವೆ ಇರುವ ಗಾಡಿಗಳೇ ಹೆಚ್ಚು, ಅವುಗಳ ಒಡೆಯರ ಇಕ್ಕಟ್ಟೇ ದೊಡ್ಡದು. ಅಂತಹವರು ಎಂಜಿನನ್ನು ಇಳಿಸಿದ ದಿನ ಮಾಡತಕ್ಕ ಕೆಲಸ ಚಿಕ್ಕದು. 'ಸ್ಪಾರ್ಕ್ ಪ್ಲಗ್ಗಿನ ತೂತಿನಿಂದ ಸಿಲಿಂಡರಿನೊಳಕ್ಕೆ ಎಣ್ಣೆಯನ್ನು ಹೊಯ್ದು, ಕೈಯಿಂದ ನಾಲ್ಕಾರು ಸುತ್ತು ತಿರುಗಿಸಿ, ತೂತುಗಳನ್ನೆಲ್ಲ ಮುಚ್ಚಿ, ಮರದ ಪೆಟ್ಟಿಗೆಯಲ್ಲಿ ನೆಲಕ್ಕೆ ತಾಗದಂತೆ ಇಡಬೇಕು. ನಮ್ಮ ಮಳೆಗಾಲದ ತೇವಕ್ಕೆ ಎರಕದ ಕಬ್ಬಿಣ ಬಹುಬೇಗ ಸೋಲುತ್ತದೆ.' ಹಳೆಯ ಮೆಕ್ಯಾನಿಕ್ಕುಗಳು ಹೇಳುವ ಈ ಮಾತಿನ ಜೊತೆಗೆ ಮತ್ತೊಂದನ್ನು ಸೇರಿಸಬಹುದು. ನೋಂದಣಿ ಪತ್ರದಲ್ಲಿ ಚೌಕಟ್ಟಿನ ಸಂಖ್ಯೆಯೂ ಎಂಜಿನಿನ ಸಂಖ್ಯೆಯೂ ಒಂದರ ಕೆಳಗೊಂದು ಬರೆದಿರುತ್ತವೆ. ಕಾರ್ಖಾನೆಯಿಂದ ಕೂಡಿಯೇ ಹೊರಟ ಆ ಎರಡು ಸಂಖ್ಯೆಗಳನ್ನು ಒಂದು ಚೀಟಿಯಲ್ಲಿ ಬರೆದು, ಇಳಿಸಿದ ದಿನಾಂಕವನ್ನು ಹಾಕಿ, ಪೆಟ್ಟಿಗೆಯ ಮುಚ್ಚಳದ ಒಳಮೈಗೆ ಅಂಟಿಸಿರಬೇಕು.